ಟ್ಯಾಂಕು ತೆಗೆದ ಮೇಲೆ

ಬೀದರಿನ ನೀರು ಅರ್ಥವಾಗಬೇಕಾದರೆ ಊರ ನಡುವಿನ ಚೌಬಾರಾದ ಬಳಿ ನಿಂತು ಪ್ರಯೋಜನವಿಲ್ಲ, ಊರಿನ ಅಂಚಿಗೆ ಹೋಗಬೇಕು. ಗುರುನಾನಕ್ ಝೀರಾ, ಪಾಪನಾಶ, ನರಸಿಂಹ ಝರಣಿ, ಈ ಮೂರೂ ಇರುವುದು ಪ್ರಸ್ಥಭೂಮಿ ಮುಗಿದು ತಗ್ಗು ಶುರುವಾಗುವ ಕಡೆ. ಒಂದು ಗುರುದ್ವಾರ, ಒಂದು ಶಿವನ ಗುಡಿ, ಇನ್ನೊಂದು ಗುಹೆಯೊಳಗಿನ ನರಸಿಂಹ. ಎದೆಮಟ್ಟದ ನೀರಿನಲ್ಲಿ ನಡೆದು ನರಸಿಂಹನ ದರ್ಶನ ಮಾಡುವ ಭಕ್ತರಿಗೂ, ಝೀರಾದ ಅಮೃತಕುಂಡದಲ್ಲಿ ಬೊಗಸೆ ತುಂಬಿಕೊಳ್ಳುವ ಯಾತ್ರಿಕರಿಗೂ ನೀರು ಕೊಡುತ್ತಿರುವುದು ಒಂದೇ ಬಗೆಯ ಕಲ್ಲು. ಅದು ಕೆಂಪು ಕಲ್ಲು, ತೂತುತೂತಿನ ಜಂಬಿಟ್ಟಿಗೆ. ಕರಾವಳಿಯಲ್ಲಿ ಇದನ್ನೇ ಮುರಕಲ್ಲು ಎನ್ನುತ್ತಾರೆ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಲಾವಾ ಹರಿದು, ಆರಿ, ಕಪ್ಪು ಬಸಾಲ್ಟ್ ಆಯಿತು. ಮೇಲಿನ ಪದರ ಬಿಸಿಲು ಮಳೆಗೆ ಸಿಕ್ಕಿ ಲಕ್ಷಾಂತರ ವರ್ಷ ಕೊಳೆಯಿತು. ಕರಗುವುದೆಲ್ಲ ಕರಗಿ ಹೋಗಿ, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಗಟ್ಟಿಯಾಗಿ ಉಳಿದವು. ಬೀದರ್ ಪಟ್ಟಣ ಕೂತಿರುವುದು ಈ ಕೆಂಪು ಟೋಪಿಯ ಮೇಲೆ. ಟೋಪಿಯ ದಪ್ಪ ಕೆಲವೆಡೆ ಹತ್ತಾರು ಮೀಟರ್. ಅದರ ಅಡಿಯಲ್ಲಿ ಮೆತ್ತನೆಯ ಜೇಡಿ, ಜೇಡಿಯ ಅಡಿಯಲ್ಲಿ ಕೊಳೆಯದೆ ಉಳಿದ ಕಪ್ಪುಕಲ್ಲು. 1840ರ ದಶಕದಲ್ಲಿ ಮದ್ರಾಸ್ ಸೇನೆಯ ಕ್ಯಾಪ್ಟನ್ ನ್ಯೂಬೋಲ್ಡ್ ಬೀದರಿನ ಈ ಕಲ್ಲನ್ನು ನೋಡಿ ಬರೆದ ಟಿಪ್ಪಣಿಗಳು ಭೂವಿಜ್ಞಾನಿಗಳಿಗೆ ಚೆನ್ನಾಗಿ ಗೊತ್ತು.

ಮಳೆ ನೀರು ತೂತುಗಳ ಮೂಲಕ ಸರಸರನೆ ಇಳಿಯುತ್ತದೆ. ಜೇಡಿ ತಡೆಯುತ್ತದೆ. ಕೆಳಗೆ ದಾರಿ ಇಲ್ಲದ ನೀರು ಪಕ್ಕಕ್ಕೆ ಹರಿದು, ಪ್ರಸ್ಥಭೂಮಿ ಕಡಿದ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ಬೀದರಿನ ಅಂತರ್ಜಲದ ಕಥೆಯ ಮುಕ್ಕಾಲು ಪಾಲು ಇಷ್ಟೇ. ಉಳಿದ ಕಾಲು ಪಾಲನ್ನು ಬಹಮನಿಗಳು ಬರೆದರು.

ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹ್ಮದ್ ಷಾ ವಲಿ 1436ರಲ್ಲಿ ತೀರಿಕೊಂಡು ಅಷ್ಟೂರಿನಲ್ಲಿ ಮಲಗಿದ್ದಾನೆ. ಅಲ್ಲಮಪ್ರಭುವಿನ ಅವತಾರವೆಂದು ಲಿಂಗಾಯತರೂ ವಲಿಯೆಂದು ಮುಸ್ಲಿಮರೂ ಕೂಡಿ ಅವನ ಜಾತ್ರೆ ಮಾಡುತ್ತಾರೆ. ಇರಾನಿನ ಕಿರ್ಮಾನಿನ ಸೂಫಿ ಷಾ ನಿಮತುಲ್ಲಾನ ಮೇಲೆ ಅಹ್ಮದ್ ಷಾನಿಗೆ ಅಪಾರ ಭಕ್ತಿ. ನಿಮತುಲ್ಲಾನ ಮಗ ಖಲೀಲುಲ್ಲಾ ಬೀದರಿಗೇ ಬಂದು ನೆಲೆಸಿದ. ಅವನ ಗೋರಿಯಾದ ಚೌಖಂಡಿ ಅಷ್ಟೂರಿನ ದಾರಿಯಲ್ಲೇ ಇದೆ. ಕಿರ್ಮಾನೆಂದರೆ ನೆಲದಡಿ ಸುರಂಗ ಕೊರೆದು ನೀರು ತರುವ ವಿದ್ಯೆಯ ತವರು. ಅದೇ ವಿದ್ಯೆ ಬೀದರಿನಲ್ಲಿ ಕರೇಜ್ ಆಯಿತು, ಜನರ ಬಾಯಲ್ಲಿ ಸುರಂಗಬಾವಿ. ಭಾಲ್ಕಿ ರಸ್ತೆಯ ನೌಬಾದಿನಲ್ಲಿರುವ ಕರೇಜಿಗೆ ನೆಲದ ಮೇಲೆ ಇಪ್ಪತ್ತಕ್ಕೂ ಹೆಚ್ಚು ಗಾಳಿಬಾವಿಗಳ ಸಾಲಿದೆ. ಸುರಂಗ ಜಂಬಿಟ್ಟಿಗೆಯ ಒಳಗೆ ಸಣ್ಣ ಇಳಿಜಾರಿನಲ್ಲಿ ಸಾಗುತ್ತ ಅಕ್ಕಪಕ್ಕದ ನೀರನ್ನೆಲ್ಲ ಬಸಿದುಕೊಳ್ಳುತ್ತದೆ. ಪಾಲಕ್ಕಾಡು ಜಿಲ್ಲೆಯ ಚಿತ್ತೂರು ಕಾಲೇಜಿನ ಭೂಗೋಳ ಅಧ್ಯಾಪಕ ವಲ್ಲಿಯಿಲ್ ಗೋವಿಂದನ್‌ಕುಟ್ಟಿ ಇದನ್ನು ಅಳೆದು ನಕ್ಷೆ ಮಾಡಿದರು. ಕಳೆದ ದಶಕದ ನಡುವಿನಲ್ಲಿ ಜಿಲ್ಲಾಡಳಿತ ಹೂಳೆತ್ತಿಸಿದಾಗ ಒಳಗೆ ಮತ್ತೆ ನೀರು ಕಂಡಿತು.

ಝರಿ, ಕರೇಜು, ಗೋರಿಗಳ ಕಥೆಯನ್ನು ಇಷ್ಟು ಉದ್ದಕ್ಕೆ ಹೇಳಿದ್ದು ಪೆಟ್ರೋಲಿನ ಸಲುವಾಗಿ. ನೀರು ಇಷ್ಟು ಸಲೀಸಾಗಿ ಇಳಿದು ಇಷ್ಟು ಸಲೀಸಾಗಿ ಪಕ್ಕಕ್ಕೆ ಹರಿಯುವ ನೆಲದಲ್ಲಿ ಉಕ್ಕಿನ ತೊಟ್ಟಿ ಹೂತು ಪೆಟ್ರೋಲು ತುಂಬಿಟ್ಟರೆ, ಸೋರಿದ್ದು ಸೋರಿದ ಜಾಗದಲ್ಲೇ ಕೂತಿರುವುದಿಲ್ಲ.

ಪೆಟ್ರೋಲ್ ಪಂಪಿನಲ್ಲಿ ನಮಗೆ ಕಾಣುವುದು ಮೀಟರು, ಪೈಪು, ಗಾಳಿ ಹಿಡಿಯುವ ಹುಡುಗ. ಸರಕು ಇರುವುದು ಕಾಲಡಿಯಲ್ಲಿ. ಸಾಮಾನ್ಯವಾಗಿ ಹತ್ತು, ಹದಿನೈದು, ಇಪ್ಪತ್ತು ಸಾವಿರ ಲೀಟರಿನ ಉಕ್ಕಿನ ಟ್ಯಾಂಕುಗಳು ಅಡ್ಡಡ್ಡ ಮಲಗಿರುತ್ತವೆ. ಅವುಗಳಿಂದ ಯಂತ್ರದವರೆಗೆ ಹೂತ ಪೈಪುಗಳು. ಸೋರುವುದು ಹಲವು ಸಲ ಟ್ಯಾಂಕಲ್ಲ, ಈ ಪೈಪುಗಳ ಕೀಲು. ಟ್ಯಾಂಕೂ ಶಾಶ್ವತವಲ್ಲ: ಹಸಿ ಮಣ್ಣಿನಲ್ಲಿ ಹೊರಗಿನಿಂದ ತುಕ್ಕು, ತಳದಲ್ಲಿ ಸೇರಿದ ನೀರಿನಿಂದ ಒಳಗಿನ ತುಕ್ಕು. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿದರೆ ಇನ್ನೂ ಬೇಗ. ಮೆಕ್ಸಿಕೋದ ಗ್ವಾದಲಹಾರಾದಲ್ಲಿ ಸತು ಲೇಪಿಸಿದ ನೀರಿನ ಪೈಪೊಂದು ಪೆಟ್ರೋಲಿನ ಉಕ್ಕಿನ ಪೈಪಿಗೆ ತಾಗಿಕೊಂಡಿತ್ತು. ಪೈಪು ತೂತಾಗಿ ಪೆಟ್ರೋಲು ಚರಂಡಿಗೆ ಇಳಿಯಿತು. 1992ರ ಏಪ್ರಿಲ್ 22ರಂದು ಚರಂಡಿಯೇ ಸಿಡಿದು ಬೀದಿಗಳು ಎದ್ದವು, ಇನ್ನೂರಕ್ಕೂ ಹೆಚ್ಚು ಜನ ಸತ್ತರು.

ಸಿಡಿಯುವ ಸೋರಿಕೆ ಊರಿಗೆಲ್ಲ ತಿಳಿಯುತ್ತದೆ. ತೊಟ್ಟಿಕ್ಕುವ ಸೋರಿಕೆ ಯಾರಿಗೂ ತಿಳಿಯುವುದಿಲ್ಲ. ಗಂಟೆಗೆ ಸುಮಾರು 380 ಮಿಲಿಲೀಟರ್ ಸೋರಿದರೆ ಹಿಡಿಯಬಲ್ಲ ಪರೀಕ್ಷೆ ಒಳ್ಳೆಯ ಪರೀಕ್ಷೆ ಎಂಬುದು ಅಮೆರಿಕದ ಅಳತೆ. ಆ ಲೆಕ್ಕದಲ್ಲಿ ದಿನಕ್ಕೆ 9 ಲೀಟರ್, ವರ್ಷಕ್ಕೆ 3,300 ಲೀಟರ್. ನಮ್ಮಲ್ಲಿ ಬೆಳಿಗ್ಗೆ ಡಿಪ್ ರಾಡ್ ಇಳಿಸಿ ಮಟ್ಟ ನೋಡುತ್ತಾರೆ, ತುದಿಗೆ ಪೇಸ್ಟ್ ಹಚ್ಚಿ ತಳದಲ್ಲಿ ನೀರಿದೆಯೇ ಎಂದು ನೋಡುತ್ತಾರೆ. ಆದರೆ 10,000 ಲೀಟರ್ ಪೆಟ್ರೋಲು ಒಂದು ಡಿಗ್ರಿ ತಣ್ಣಗಾದರೆ ಸುಮಾರು 10 ಲೀಟರ್ ಕುಗ್ಗುತ್ತದೆ. ಬೇಸಿಗೆಯ ಬೀದರಿನಲ್ಲಿ ಟ್ಯಾಂಕರಿನಿಂದ ಇಳಿದ ಬಿಸಿ ಪೆಟ್ರೋಲು ತಣ್ಣನೆಯ ಟ್ಯಾಂಕಿನಲ್ಲಿ ಕುಗ್ಗಿತೋ, ಸೋರಿತೋ, ಆವಿಯಾಯಿತೋ? ರಾಡಿನ ಗೆರೆ ಅದನ್ನು ಹೇಳಲಾರದು. ಸೋರಿಕೆ ಲೆಕ್ಕದ ಪುಸ್ತಕದಲ್ಲೇ ಅಡಗಿ ಕೂರುತ್ತದೆ, ಕೆಲವೊಮ್ಮೆ ವರ್ಷಗಟ್ಟಲೆ.

ಇಷ್ಟು ಸೋರಿದರೆ ನೀರಿಗೆ ಏನಾಗುತ್ತದೆ? ಪೆಟ್ರೋಲು ನೂರಾರು ಹೈಡ್ರೋಕಾರ್ಬನ್ನುಗಳ ಬೆರಕೆ. ಅವುಗಳಲ್ಲಿ ನೀರಿಗೆ ಶತ್ರು ಬೆಂಜೀನ್. ಮೊದಲನೆಯದಾಗಿ ಅದು ರಕ್ತದ ಕ್ಯಾನ್ಸರ್ ತರಬಲ್ಲದೆಂದು ಖಚಿತವಾದ ವಸ್ತು. ಎರಡನೆಯದಾಗಿ ಉಳಿದ ಹೈಡ್ರೋಕಾರ್ಬನ್ನುಗಳಿಗಿಂತ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ನಮ್ಮ ಈಗಿನ ಪೆಟ್ರೋಲಿನಲ್ಲಿ ಬೆಂಜೀನ್ ಶೇ. 1ಕ್ಕಿಂತ ಹೆಚ್ಚಿರಕೂಡದು. ಶೇ. 1 ಎಂದೇ ಹಿಡಿಯಿರಿ. ಒಂದು ಲೀಟರಿನಲ್ಲಿ 10 ಮಿಲಿಲೀಟರ್, ತೂಕದಲ್ಲಿ ಸುಮಾರು 8.8 ಗ್ರಾಂ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಾಗಿಸಿ ನೋಡಿದರೆ ಒಂದು ಲೀಟರ್ ಪೆಟ್ರೋಲಿನ ಬೆಂಜೀನ್ 8.8 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲದು. ಕಾಗದದ ಮೇಲಿನ ಲೆಕ್ಕ ಇದು. ಬೆಂಜೀನಿನಲ್ಲಿ ಒಂದಷ್ಟು ಆವಿಯಾಗುತ್ತದೆ, ಒಂದಷ್ಟನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ. ಆದರೂ ವರ್ಷಕ್ಕೆ 3,300 ಲೀಟರ್ ಎಂಬ ಅಂಕಿಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಬೇಕು.

ವಾಸನೆ ಬಂದರೆ ಗೊತ್ತಾಗುವುದಿಲ್ಲವೇ ಎಂದು ಕೇಳಬಹುದು. ಪೆಟ್ರೋಲಿನಲ್ಲಿರುವ ಬೇರೆ ಕೆಲವು ವಸ್ತುಗಳು ಬೇಗ ಮೂಗಿಗೆ ಬಡಿಯುತ್ತವೆ, ನಿಜ. ಬೆಂಜೀನ್ ಒಂದೇ ಆದರೆ ನೀರಿನ ರುಚಿ ಕೆಡುವ ಹೊತ್ತಿಗೆ ಅದು ಮಿತಿಯ ಐವತ್ತು ಪಟ್ಟಾದರೂ ಆಗಿರುತ್ತದೆ. ಸೋರಿಕೆಯಿಂದ ದೂರ ಹೋದಂತೆ ಯಾವ ವಸ್ತು ಎಷ್ಟು ಉಳಿದಿದೆ ಎಂಬುದೂ ಬದಲಾಗುತ್ತದೆ. ಹಾಗಾಗಿ ಮೂಗನ್ನು ನಂಬಿ ಕೂರುವುದು ಜಾಣತನವಲ್ಲ.

ಈಗ ಟ್ಯಾಂಕು ಹಳತಾಯಿತು, ಪಂಪು ಮುಚ್ಚಿತು, ರಸ್ತೆ ಅಗಲವಾಯಿತು ಎನ್ನೋಣ. ಕ್ರೇನು ಬಂದು ಟ್ಯಾಂಕನ್ನು ಎತ್ತಿಕೊಂಡು ಹೋಗುತ್ತದೆ, ಗುಂಡಿಗೆ ಮೊರಂ ತುಂಬುತ್ತಾರೆ. ಕೆಲವೇ ವರ್ಷಗಳಲ್ಲಿ ಅಲ್ಲೊಂದು ಮೊಬೈಲ್ ಅಂಗಡಿಯೋ ಖಾನಾವಳಿಯೋ ಏಳುತ್ತದೆ. ಟ್ಯಾಂಕಿನ ಜೊತೆ ತೊಂದರೆಯೂ ಹೋಯಿತೆಂದು ಎಲ್ಲರೂ ತಿಳಿಯುತ್ತಾರೆ. ಹಾಗೆ ತಿಳಿಯುವುದೇ ತಪ್ಪು. ಟ್ಯಾಂಕು ಹೋದರೆ ಹೊಸದಾಗಿ ಸೋರುವುದು ನಿಲ್ಲುತ್ತದೆ, ಅಷ್ಟೆ. ಮೊದಲೇ ಸೋರಿದ್ದು ಮಣ್ಣಿನಲ್ಲಿದೆ.

ಅದು ಇರುವ ರೀತಿಯೂ ವಿಚಿತ್ರ. ಪೆಟ್ರೋಲು ನೀರಿಗಿಂತ ಹಗುರ. ಮಣ್ಣಿನೊಳಗೆ ಇಳಿಯುತ್ತ ಇಳಿಯುತ್ತ ಅಂತರ್ಜಲದ ಮಟ್ಟ ಮುಟ್ಟಿದಾಗ ಸಾರಿನ ಮೇಲಿನ ಎಣ್ಣೆಯ ಹಾಗೆ ಅಲ್ಲೇ ಹರಡುತ್ತದೆ. ಸಾರಿನ ಮಟ್ಟ ಏರಿಳಿಯುವುದಿಲ್ಲ, ಅಂತರ್ಜಲದ್ದು ಏರಿಳಿಯುತ್ತದೆ. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಪೆಟ್ರೋಲೂ ಅದರೊಂದಿಗೆ ಇಳಿದು ಹೊಸ ಮಣ್ಣಿಗೆ ಮೆತ್ತಿಕೊಳ್ಳುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನೀರು ಏರಿದಾಗ ಮೆತ್ತಿದ ಪೆಟ್ರೋಲು ಮುಳುಗಿ, ರಂಧ್ರಗಳಲ್ಲಿ ಸಣ್ಣ ಸಣ್ಣ ಹನಿಯಾಗಿ ಸಿಕ್ಕಿಬೀಳುತ್ತದೆ. ಹೀಗೆ ಏರಿಳಿತದ ಉದ್ದಕ್ಕೂ ಒಂದು ಬಳಿದ ಪಟ್ಟಿ ಉಳಿಯುತ್ತದೆ. ಪ್ರತಿ ಮಳೆಗಾಲದ ನೀರು ಆ ಪಟ್ಟಿಯನ್ನು ತೊಳೆದು ಬೆಂಜೀನನ್ನು ಒಂದಿಷ್ಟು ಕರಗಿಸಿಕೊಂಡು ಮುಂದೆ ಹೋಗುತ್ತದೆ. ವರ್ಷದಲ್ಲಿ ಒಂದೇ ಸಲ, ಅದೂ ಬೇಸಿಗೆಯಲ್ಲಿ, ನೀರು ಪರೀಕ್ಷಿಸಿ ಏನೂ ಇಲ್ಲ ಎಂದು ಬರೆದರೆ ಮಳೆಗಾಲದ ಅರ್ಧ ಕಥೆ ಬಿಟ್ಟುಹೋಗುತ್ತದೆ.

ಟ್ಯಾಂಕು ತೆಗೆದ ದಿನದಷ್ಟು ಒಳ್ಳೆಯ ಅವಕಾಶ ಮತ್ತೆ ಸಿಗುವುದಿಲ್ಲ. ಗುಂಡಿ ಬಾಯಿ ತೆರೆದಿರುತ್ತದೆ. ತಳದ ಮಣ್ಣಿನ ಬಣ್ಣ ಬೂದಿಯಾಗಿದೆಯೇ, ಗೋಡೆಗಳಲ್ಲಿ ವಾಸನೆ ಇದೆಯೇ, ಟ್ಯಾಂಕಿನ ಯಾವ ಬದಿಗೆ ತೂತಿತ್ತು, ಎಲ್ಲವೂ ಕಣ್ಣೆದುರು. ಟ್ಯಾಂಕಿನ ಎರಡೂ ತುದಿಯಡಿಯಿಂದ, ಪೈಪು ಹೋದ ದಾರಿಯಿಂದ ಮಣ್ಣು ತೆಗೆದು ಕಳಿಸಿದರೆ ಕೆಲವೇ ದಿನಗಳಲ್ಲಿ ಉತ್ತರ ಸಿಗುತ್ತದೆ. ಗುಂಡಿ ಮುಚ್ಚಿದ ಮೇಲೆ ಅದೇ ಉತ್ತರಕ್ಕೆ ರಿಗ್ ತರಿಸಿ ಕೊರೆಯಬೇಕು, ಖರ್ಚು ಹಲವು ಪಟ್ಟು. ನಮ್ಮ ಕಾನೂನಿನ ಕಣ್ಣು ಮೊದಲಿನಿಂದಲೂ ಬೆಂಕಿಯ ಮೇಲಿದೆ: 1934ರ ಪೆಟ್ರೋಲಿಯಂ ಕಾಯ್ದೆ, 2002ರ ನಿಯಮಗಳು, ನಾಗಪುರದ ಸ್ಫೋಟಕ ಸುರಕ್ಷತಾ ಸಂಸ್ಥೆಯ ಪರವಾನಗಿ. ಟ್ಯಾಂಕಿನಲ್ಲಿ ಆವಿ ಉಳಿಯದಂತೆ ಶುದ್ಧ ಮಾಡಿಯೇ ಒಳಗಿಳಿಯಬೇಕು ಎಂಬುದು ಸರಿಯಾದ ನಿಯಮ, ಪ್ರಾಣ ಉಳಿಸುವ ನಿಯಮ. ಗುಂಡಿಯ ತಳಕ್ಕೂ ಅಷ್ಟೇ ಗಮನ ಕೊಡಬೇಕೆಂಬ ಅರಿವು ತಡವಾಗಿ ಬಂತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶದ ಮೇರೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಹೊಸ ಪಂಪುಗಳಿಗೆ ಮಾರ್ಗಸೂಚಿ ಹೊರಡಿಸಿತು. ಶಾಲೆ, ಆಸ್ಪತ್ರೆ, ಮನೆಗಳಿಂದ 50 ಮೀಟರ್ ದೂರ ಎಂಬ ಮಾತು ಪತ್ರಿಕೆಗಳಲ್ಲಿ ಬಂತು. ಟ್ಯಾಂಕು ಸೋರಿ ಮಣ್ಣು, ಅಂತರ್ಜಲ ಕೆಟ್ಟರೆ ಹೊಣೆ ತೈಲ ಕಂಪನಿಯದು ಎಂಬ ಮಾತೂ ಅದರಲ್ಲೇ ಇದೆ. ಅದರ ಬಗ್ಗೆ ಚರ್ಚೆ ನಡೆದದ್ದು ಕಡಿಮೆ.

ಅಮೆರಿಕ ಇದೇ ಪಾಠವನ್ನು ನಮಗಿಂತ ಮೊದಲು, ದುಬಾರಿಯಾಗಿ ಕಲಿಯಿತು. 1984ರಲ್ಲಿ ಅಲ್ಲಿ ಭೂಗತ ಟ್ಯಾಂಕುಗಳಿಗೆಂದೇ ಕಾನೂನು ಬಂತು. ಅಲ್ಲಿಂದ ಈಚೆಗೆ ಖಚಿತವಾದ ಸೋರಿಕೆಗಳು 5 ಲಕ್ಷ 60 ಸಾವಿರಕ್ಕೂ ಹೆಚ್ಚು. 1996ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಗರ ಪೆಟ್ರೋಲಿಗೆ ಬೆರೆಸುವ ಎಂಟಿಬಿಇ ಎಂಬ ರಾಸಾಯನಿಕ ಬಾವಿಗಳಿಗೆ ಇಳಿದದ್ದರಿಂದ ತನ್ನ ಕುಡಿಯುವ ನೀರಿನ ಅರ್ಧದಷ್ಟನ್ನು ಕಳೆದುಕೊಂಡಿತು. ನಮ್ಮಲ್ಲೂ ಉದಾಹರಣೆಗಳಿವೆ. 2013ರಲ್ಲಿ ಚೆನ್ನೈನ ತಂಡಿಯಾರ್‌ಪೇಟೆಯ ಮನೆಗಳ ಬೋರ್‌ವೆಲ್ಲುಗಳಲ್ಲಿ ನೀರಿನ ಜೊತೆ ತೈಲ ಬಂತು. ಬಂದರಿನಿಂದ ತೈಲ ಸಾಗಿಸುವ ಹೂತ ಪೈಪು ಸೋರಿತ್ತು. ಪ್ರಕರಣ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು.

ನಿಗಾ ಇಡುವುದೆಂದರೆ ಏನು ಮಾಡುವುದು? ಕನಿಷ್ಠ ಮೂರು ಸಣ್ಣ ಕೊಳವೆಬಾವಿ ಕೊರೆಯುತ್ತಾರೆ. ಇವು ನೀರೆತ್ತುವ ಬೋರ್‌ವೆಲ್ ಅಲ್ಲ, ನೋಡುವ ಬೋರ್‌ವೆಲ್. ಸೀಳುಗಂಡಿಗಳಿರುವ ಪಿವಿಸಿ ಪೈಪು ಇಳಿಸಿ, ಸುತ್ತ ಸಣ್ಣ ಜಲ್ಲಿ ತುಂಬಿ, ಮೇಲಿನ ನೀರು ಜಾರದಂತೆ ಬೆಂಟೊನೈಟ್ ಜೇಡಿಯಿಂದ ಬಾಯಿ ಬಿಗಿಯುತ್ತಾರೆ. ಸೀಳುಗಂಡಿಗಳು ನೀರಿನ ಮಟ್ಟದ ಮೇಲೂ ಕೆಳಗೂ ಇರಬೇಕು, ಇಲ್ಲವಾದರೆ ತೇಲುವ ಪೆಟ್ರೋಲು ಪೈಪಿನೊಳಗೆ ಬರುವುದೇ ಇಲ್ಲ. ಮೂರರ ನೀರಿನ ಮಟ್ಟವನ್ನು ಸಮುದ್ರಮಟ್ಟಕ್ಕೆ ಹೋಲಿಸಿ ಅಳೆದರೆ ನೀರು ಯಾವ ಕಡೆಗೆ ಇಳಿಯುತ್ತಿದೆ ಎಂಬುದು ಶಾಲೆಯ ಜ್ಯಾಮಿತಿಯಿಂದಲೇ ತಿಳಿಯುತ್ತದೆ. ಹಾಗಾದ ಮೇಲೆ ಟ್ಯಾಂಕಿನ ಮೇಲ್ಬದಿಗೆ ಒಂದು, ಕೆಳಬದಿಗೆ ಹಲವು. ಮೇಲ್ಬದಿಯದು ಏಕೆಂದರೆ, ನೀರು ಬರುವಾಗಲೇ ಕೆಟ್ಟಿದ್ದರೆ ಪಂಪಿನವರ ಮೇಲೆ ತಪ್ಪು ಹೊರಿಸಬಾರದಲ್ಲ!

ಮಾದರಿ ತೆಗೆಯುವುದು ಸೂಕ್ಷ್ಮ ಕೆಲಸ. ಪೈಪಿನಲ್ಲಿ ನಿಂತ ಹಳೆ ನೀರನ್ನು ಮೊದಲು ಹೊರಹಾಕಬೇಕು. ನಂತರ ಬಂದ ಹೊಸ ನೀರನ್ನು 40 ಮಿಲಿಲೀಟರಿನ ಗಾಜಿನ ಶೀಷೆಗೆ ಕಂಠಪೂರ್ತಿ ತುಂಬಿ, ಒಂದು ಗುಳ್ಳೆಯೂ ಉಳಿಯದಂತೆ ಮುಚ್ಚಳ ಬಿಗಿಯಬೇಕು. ಗುಳ್ಳೆ ಇದ್ದರೆ ಬೆಂಜೀನ್ ಅದರೊಳಗೆ ಆವಿಯಾಗಿ ಸೇರಿ ವರದಿಯಲ್ಲಿ ಕಡಿಮೆ ತೋರಿಸುತ್ತದೆ. ಸೂಕ್ಷ್ಮಜೀವಿಗಳು ದಾರಿಯಲ್ಲೇ ತಿಂದುಹಾಕದಂತೆ ಎರಡು ಹನಿ ಆಮ್ಲ, ಸುತ್ತ ಮಂಜುಗಡ್ಡೆ, ಹದಿನಾಲ್ಕು ದಿನದೊಳಗೆ ಪರೀಕ್ಷೆ. ನೀರಿನ ಜೊತೆ ಒಂದು ಶುದ್ಧ ನೀರಿನ ಶೀಷೆಯನ್ನೂ ಪ್ರಯೋಗಾಲಯದಿಂದ ಒಯ್ದು, ತೆರೆಯದೆ ವಾಪಸು ತರುತ್ತಾರೆ. ಅದರಲ್ಲೂ ಬೆಂಜೀನ್ ಕಂಡರೆ ಕೆಟ್ಟದ್ದು ಬಾವಿಯೇ ಎನ್ನುವಂತಿಲ್ಲ, ಜೀಪಿನ ಹಿಂದಿನ ಪೆಟ್ರೋಲ್ ಕ್ಯಾನಿನಿಂದಲೂ ಬಂದಿರಬಹುದು.

ಇದೆಲ್ಲ ಪುಸ್ತಕದಲ್ಲಿರುವ ವಿಧಾನ. ಪುಸ್ತಕ ಬರೆದವರ ಮನಸ್ಸಿನಲ್ಲಿದ್ದ ನೆಲ ಮರಳು. ಮರಳಿನಲ್ಲಿ ನೀರು ಎಲ್ಲ ಕಡೆ ಒಂದೇ ರೀತಿ ನಿಧಾನವಾಗಿ ನಡೆಯುತ್ತದೆ. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಪ್ರಯೋಗಾಲಯ 1995ರಲ್ಲಿ ಇನ್ನೂರಕ್ಕೂ ಹೆಚ್ಚು ಸೋರಿಕೆಗಳ ಲೆಕ್ಕ ತೆಗೆದಾಗ, ಬೆಂಜೀನ್ ಹೆಚ್ಚಿನ ಕಡೆ 250 ಅಡಿಗಿಂತ, ಎಂದರೆ ಸುಮಾರು 75 ಮೀಟರಿಗಿಂತ ಮುಂದೆ ಹೋಗಿರಲಿಲ್ಲ. ಸಮಾಧಾನ ಕೊಡುವ ಅಂಕಿ. ಆದರೆ ಅದನ್ನು ಬೀದರಿಗೆ ಎತ್ತಿಕೊಂಡು ಬರುವ ಮೊದಲು ಜಂಬಿಟ್ಟಿಗೆಯ ಒಂದು ಚಪ್ಪಡಿ ಕೈಯಲ್ಲಿ ಹಿಡಿದು ನೋಡಬೇಕು. ಬೆರಳು ತೂರುವಷ್ಟು ದೊಡ್ಡ, ಅಂಕುಡೊಂಕಾದ ಕೊಳವೆಗಳು. ಅಂಥವು ಒಂದಕ್ಕೊಂದು ಕೂಡಿದ ದಾರಿಯಲ್ಲಿ ನೀರು ಮರಳಿಗಿಂತ ಎಷ್ಟೋ ಪಟ್ಟು ಬೇಗ ಓಡಬಲ್ಲದು. ಎರಡು ಮೀಟರ್ ಪಕ್ಕದ ಗಟ್ಟಿ ಕಲ್ಲಿನಲ್ಲಿ ಕೊರೆದ ನಿಗಾ ಬಾವಿಗೆ ಅದರ ಸುಳಿವೂ ಸಿಗದಿರಬಹುದು. ಮೂರು ಬಾವಿ ಕೊರೆದು ಮೂರರಲ್ಲೂ ಶುದ್ಧ ನೀರು ಸಿಕ್ಕರೆ ನೆಲ ಶುದ್ಧ ಎಂದು ಬೀದರಿನಲ್ಲಿ ಹೇಳಲಾಗದು. ನನ್ನ ಅಭಿಪ್ರಾಯದಲ್ಲಿ ಇಲ್ಲಿ ನಿಗಾ ಶುರುವಾಗಬೇಕಾದದ್ದು ಝರಿಗಳಿಂದ, ಕರೇಜಿನಿಂದ. ಝರಿ ತನ್ನ ಹಿಂದಿನ ಇಡೀ ನೆಲದ ನೀರನ್ನು ಒಂದೇ ಬಾಯಿಗೆ ತರುತ್ತದೆ. ಕರೇಜು ನೀರಿನ ದಾರಿಯಲ್ಲಿ ಉದ್ದಕ್ಕೆ ಮಲಗಿ ದಾರಿಯ ಮೇಲಿನ ಎಲ್ಲವನ್ನೂ ಸಂಗ್ರಹಿಸುತ್ತದೆ, ಅದರ ಗಾಳಿಬಾವಿಗಳಲ್ಲಿ ಒಂದೊಂದರಲ್ಲೂ ಬೇರೆಬೇರೆಯಾಗಿ ಮಾದರಿ ತೆಗೆಯಬಹುದು. ಯಾವ ಎರಡು ಗಾಳಿಬಾವಿಗಳ ನಡುವೆ ಬೆಂಜೀನ್ ಸೇರಿತು ಎಂಬುದನ್ನೂ ಹಿಡಿಯಬಹುದು. ಐದು ಶತಮಾನ ಹಿಂದಿನವರು ಬಿಟ್ಟುಹೋದ ಇಂಥ ಉಪಕರಣ ಎಷ್ಟು ಊರುಗಳಿಗಿದೆ?

ಉಪಕರಣವೇ ಬಲಿಯೂ ಆಗಬಹುದು ಎಂಬುದಕ್ಕೆ ಹವಾಯಿಯ ಓಆಹು ದ್ವೀಪ ಸಾಕ್ಷಿ. ಅಲ್ಲಿನ ರೆಡ್ ಹಿಲ್ ಗುಡ್ಡದೊಳಗೆ ಅಮೆರಿಕದ ನೌಕಾಪಡೆ ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರ ಹೊತ್ತಿಗೆ, 20 ಇಂಧನ ಟ್ಯಾಂಕುಗಳನ್ನು ಕಟ್ಟಿತು. ಒಂದೊಂದೂ ಸುಮಾರು 76 ಮೀಟರ್ ಎತ್ತರ, 4.7 ಕೋಟಿ ಲೀಟರ್. ನೆಲ ನಮ್ಮದರಂಥದೇ ಲಾವಾದ ಬಸಾಲ್ಟ್. ಟ್ಯಾಂಕುಗಳ ತಳದಿಂದ ಸುಮಾರು 30 ಮೀಟರ್ ಕೆಳಗೆ ದ್ವೀಪದ ಮುಖ್ಯ ಅಂತರ್ಜಲ. ಅದೇ ಗುಡ್ಡದಲ್ಲಿ ನೀರಿನ ಮಟ್ಟಕ್ಕೆ ಅಡ್ಡ ಕೊರೆದ ಸುರಂಗದಿಂದ ಸೇನಾ ವಸತಿಗಳಿಗೆ ಕುಡಿಯುವ ನೀರು ಎತ್ತುತ್ತಿದ್ದರು. 2021ರ ಮೇ ತಿಂಗಳಲ್ಲಿ ಸೋರಿದ ಜೆಟ್ ಇಂಧನ ಬೆಂಕಿ ಆರಿಸುವ ವ್ಯವಸ್ಥೆಯ ಪೈಪಿನಲ್ಲಿ ಯಾರಿಗೂ ತಿಳಿಯದೆ ಕೂತಿತ್ತು. ನವೆಂಬರ್ 20ರಂದು ಆ ಪೈಪು ಒಡೆದು ಸುಮಾರು 75,000 ಲೀಟರ್ ಹೊರಬಂತು. ಅದರ ಒಂದಂಶ ನೀರಿನ ಸುರಂಗ ಸೇರಿತು. ಆ ನೀರನ್ನೇ ನೆಚ್ಚಿಕೊಂಡಿದ್ದ ಸುಮಾರು 93,000 ಜನರ ನಲ್ಲಿಗೆ ಇಂಧನದ ಭಯ ಬಂತು, ಎಷ್ಟೋ ಮನೆಗಳವರು ತಿಂಗಳುಗಟ್ಟಲೆ ಹೋಟೆಲುಗಳಲ್ಲಿ ಕಳೆದರು. 2022ರ ಮಾರ್ಚ್‌ನಲ್ಲಿ ಇಡೀ ಸಂಗ್ರಹಾಗಾರ ಮುಚ್ಚಲು ಆದೇಶವಾಯಿತು. ಟ್ಯಾಂಕು ಖಾಲಿಯಾಗಿ ವರ್ಷಗಳಾದರೂ ಸುತ್ತಲಿನ ನಿಗಾ ಬಾವಿಗಳ ಮಾದರಿ ತೆಗೆಯುವ ಕೆಲಸ ನಿಂತಿಲ್ಲ.

ಬೀದರಿನ ಕೆಂಪು ಕಲ್ಲಿನ ಪರವಾಗಿಯೂ ಒಂದು ಮಾತಿದೆ. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಬೆಂಜೀನ್ ಆಹಾರ. ನಾವು ಉಣ್ಣುವಾಗ ಆಮ್ಲಜನಕ ಬೇಕಾದ ಹಾಗೆ ಅವಕ್ಕೂ ಬೇಕು. ಅದು ಮುಗಿದ ಮೇಲೆ ನೈಟ್ರೇಟು, ಮ್ಯಾಂಗನೀಸ್, ಆಮೇಲೆ ಕಬ್ಬಿಣದ ತುಕ್ಕನ್ನೇ ಉಸಿರಾಟಕ್ಕೆ ಬಳಸುವ ಜೀವಿಗಳಿವೆ. ಡೆರೆಕ್ ಲವ್ಲಿ ಮತ್ತು ಸಂಗಡಿಗರು 1989ರಲ್ಲಿ ಇದನ್ನು ತೋರಿಸಿಕೊಟ್ಟರು. 1979ರಲ್ಲಿ ಕಚ್ಚಾ ತೈಲದ ಪೈಪು ಒಡೆದ ಮಿನ್ನೆಸೋಟಾದ ಬೆಮಿಜಿಯಲ್ಲಿ ಅಮೆರಿಕದ ಭೂವಿಜ್ಞಾನಿಗಳು ದಶಕಗಳಿಂದ ಇದೇ ನಾಟಕವನ್ನು ನೋಡುತ್ತ ಕೂತಿದ್ದಾರೆ. ಜಂಬಿಟ್ಟಿಗೆಯೆಂದರೆ ಕಬ್ಬಿಣದ ತುಕ್ಕಿನ ಬೆಟ್ಟ. ಸಂಭ್ರಮಿಸುವ ಮೊದಲು ಎರಡು ಎಚ್ಚರಿಕೆ. ಗಟ್ಟಿಯಾಗಿ ಹರಳುಗಟ್ಟಿದ ತುಕ್ಕನ್ನು ಜೀವಿಗಳು ಬಹಳ ನಿಧಾನವಾಗಿ ಬಳಸುತ್ತವೆ. ಮತ್ತು ತುಕ್ಕು ಕರಗಿದಾಗ ಅದಕ್ಕೆ ಅಂಟಿದ್ದ ಆರ್ಸೆನಿಕ್ ಸಹ ನೀರಿಗೆ ಬಿಡುಗಡೆಯಾಗಬಲ್ಲದೆಂದು ಬೆಮಿಜಿಯಲ್ಲೇ ಕಂಡಿದೆ. ನಿಗಾ ಇಡುವವರಿಗೆ ಮಾತ್ರ ಇದರಿಂದ ಲಾಭ: ಬೆಂಜೀನ್ ಪರೀಕ್ಷೆ ದುಬಾರಿ, ಕಬ್ಬಿಣ ಮತ್ತು ಕರಗಿದ ಆಮ್ಲಜನಕದ ಪರೀಕ್ಷೆ ಅಗ್ಗ. ತಿಳಿಯಾಗಿದ್ದ ಬಾವಿ ನೀರು ಇದ್ದಕ್ಕಿದ್ದಂತೆ ಕೊಡದಲ್ಲಿಟ್ಟ ಒಂದೆರಡು ಗಂಟೆಯಲ್ಲಿ ಕೆಂಪಗಾಗತೊಡಗಿದರೆ, ಕಾರಣ ಹುಡುಕಲು ಅಷ್ಟು ಸಾಕು.

ಎಥನಾಲ್ ಬೆರೆತ ಮೇಲೆ ಲೆಕ್ಕ ಇನ್ನಷ್ಟು ತೊಡಕಾಗಿದೆ. ಈಗ ದೇಶದಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20 ಎಥನಾಲ್, ಕಬ್ಬಿನ ಜಿಲ್ಲೆಯಾದ ಬೀದರಿಗೆ ಇದು ಸಂತೋಷದ ಸುದ್ದಿಯೇ. ಆದರೆ ನೆಲದಡಿಯ ಸೂಕ್ಷ್ಮಜೀವಿಗಳಿಗೆ ಬೆಂಜೀನಿಗಿಂತ ಎಥನಾಲ್ ರುಚಿ. ಅವು ಅದನ್ನು ಮೊದಲು ತಿಂದು ಇದ್ದ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಅಷ್ಟರಲ್ಲಿ ಬೆಂಜೀನ್ ಮುಂದಕ್ಕೆ ಹೋಗಿರುತ್ತದೆ. ಎಥನಾಲಿಲ್ಲದ ಕಾಲದ 250 ಅಡಿಯ ಸಮಾಧಾನ ಈಗ ಅಷ್ಟು ಗಟ್ಟಿಯಲ್ಲ.

ಭಾಲ್ಕಿ, ಔರಾದ ಕಡೆ ಹೋದರೆ ಕೆಂಪು ಟೋಪಿ ಬಹುಪಾಲು ಕಳಚಿ ಎರೆ ಭೂಮಿ ಸಿಗುತ್ತದೆ. ಮಳೆಗೆ ಉಬ್ಬುವ, ಬೇಸಿಗೆಗೆ ಬಿರುಕು ಬಿಡುವ ಮಣ್ಣು ಅದು. ಹೂತ ಪೈಪಿನ ಕೀಲುಗಳನ್ನು ವರ್ಷಕ್ಕೊಮ್ಮೆ ಎಳೆದು ಜಗ್ಗುತ್ತದೆ. ಅಡಿಯ ಬಸಾಲ್ಟಿನಲ್ಲಿ ನೀರು ಓಡುವುದು ಬಿರುಕುಗಳಲ್ಲಿ ಮತ್ತು ಎರಡು ಲಾವಾ ಪದರಗಳ ನಡುವಿನ ಕೂಡುಗಳಲ್ಲಿ. ಅಲ್ಲಿ ಝರಿಯ ಅನುಕೂಲವೂ ಇಲ್ಲ. ಟ್ಯಾಂಕು ತೆಗೆದ ಜಾಗದ ಸುತ್ತಲಿನ ರೈತರ ತೆರೆದ ಬಾವಿಗಳನ್ನೇ ನಿಗಾ ಬಾವಿಯೆಂದು ಬಳಸುವುದು ಜಾಣತನ, ಬಾವಿಗೆ ಗೋಡೆಯ ಎಲ್ಲ ಬಿರುಕುಗಳಿಂದಲೂ ನೀರು ಬರುತ್ತದೆ.

ಅಷ್ಟೂರು ಊರಿನ ಪೂರ್ವಕ್ಕೆ, ಪ್ರಸ್ಥಭೂಮಿಯಿಂದ ಇಳಿದ ತಗ್ಗಿನಲ್ಲಿದೆ. ಇಂಥ ತಗ್ಗಿನ ಹಳ್ಳಿಗಳ ಪಂಚಾಯಿತಿಗಳು ಒಂದು ಕೆಲಸ ಮಾಡಬಹುದು, ಅದಕ್ಕೆ ಪ್ರಯೋಗಾಲಯ ಬೇಡ. ಮೇಲಿನ ಊರಿನಲ್ಲಿ, ರಸ್ತೆಯ ಬದಿಯಲ್ಲಿ ಎಲ್ಲೆಲ್ಲಿ ಪಂಪು ಇತ್ತು, ಯಾವಾಗ ತೆಗೆದರು ಎಂಬುದನ್ನು ಹಿರಿಯರನ್ನು ಕೇಳಿ ನಕ್ಷೆಯ ಮೇಲೆ ಗುರುತಿಸಿ ಇಡುವುದು. ಪಂಪುಗಳಷ್ಟೇ ಅಲ್ಲ, ಬಸ್ ಡಿಪೊ, ಹಳೆ ಗಿರಣಿ, ಜನರೇಟರಿಗೆ ಡೀಸೆಲ್ ಹೂತಿಟ್ಟ ಜಾಗಗಳೂ ಆ ನಕ್ಷೆಯಲ್ಲಿರಲಿ. ಹೀಗೆ ಗುರುತಿಸದೆ ಬಿಟ್ಟರೆ ಮೂವತ್ತು ವರ್ಷ ಕಳೆದು ವಾಸನೆ ಬಂದಾಗ ಅದು ಎಲ್ಲಿಂದ ಬಂತೆಂದು ಹೇಳುವವರೇ ಇರುವುದಿಲ್ಲ. ಪಂಪು ತೆಗೆಯುವಾಗ ಗುಂಡಿಯ ಮಣ್ಣಿನ ಪರೀಕ್ಷಾ ವರದಿ ಕೇಳುವ ಹಕ್ಕು ಪಕ್ಕದ ಬಾವಿಯವರಿಗೆ ಇರಲೇಬೇಕು ಎಂದು ನಾನು ನಂಬುತ್ತೇನೆ.

ಬಾವಿ ಇರುವ ಓದುಗರಿಗೆ ಕೊನೆಯದಾಗಿ ಕೆಲವು ಮಾತು. ಸಾಮಾನ್ಯವಾಗಿ ಮಾಡಿಸುವ ನೀರಿನ ಪರೀಕ್ಷೆಯಲ್ಲಿ ಫ್ಲೋರೈಡು, ನೈಟ್ರೇಟು, ಗಡಸುತನ ಇರುತ್ತವೆ, ಬೆಂಜೀನ್ ಇರುವುದಿಲ್ಲ. ಅದನ್ನು ಹೆಸರಿಟ್ಟು ಕೇಳಬೇಕು. ಬಾವಿಯಲ್ಲಿ ಪೆಟ್ರೋಲಿನ ವಾಸನೆ ಬಂದರೆ ಒಳಗೆ ಇಳಿಯಬೇಡಿ, ಬೀಡಿ ಹಚ್ಚಬೇಡಿ, ಬಾವಿಯೊಳಗಿನ ಮೋಟಾರಿನ ಸ್ವಿಚ್ಚು ಒತ್ತಬೇಡಿ. ಗಾಜಿನ ಬಾಟಲಿಗೆ ಕಂಠದವರೆಗೆ ನೀರು ತುಂಬಿ, ಬಿಗಿಯಾಗಿ ಮುಚ್ಚಿ, ತಂಪಾಗಿಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ತಿಳಿಸಿ. ಕುದಿಸಿದರೆ ಸರಿಹೋಗುತ್ತದೆ ಎಂದು ಮಾತ್ರ ಕುದಿಸಬೇಡಿ. ಕುದಿಸಿದ ಬೆಂಜೀನ್ ನೀರು ಬಿಟ್ಟು ನಿಮ್ಮ ಅಡುಗೆಮನೆಯ ಗಾಳಿಗೆ ಸೇರುತ್ತದೆ.